ಹಲಗೆ ಮುಚ್ಚುವ ಮುನ್ನ

ಹಡಗು ಕಲ್ಕತ್ತೆಯಲ್ಲಿ, ಅದಕ್ಕೆ ಹೊಣೆ ನಿಲ್ಲಬೇಕಾದ ವಿಮೆಗಾರ ಲಂಡನ್ನಿನಲ್ಲಿ. ನಡುವೆ ತಿಂಗಳುಗಟ್ಟಲೆಯ ಕಡಲ ದಾರಿ. ನೀಲಿ, ಸೆಣಬು, ಚಹಾ ಹೊತ್ತು ಹೊರಡುವ ಆ ಹಡಗನ್ನು ಅವನು ಕಂಡವನಲ್ಲ. ಕಂಡರೂ ಬಣ್ಣದ ಕೆಳಗಿನ ಮರ ಗಟ್ಟಿಯೋ ಲಡ್ಡೋ ಹೇಳಲಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಯಿಹಡಗಿನ ವ್ಯಾಪಾರ ನಿಂತಿದ್ದೇ ಈ ಕಾಣದ ಮರದ ಮೇಲೆ. ಆ ಮರವನ್ನು ತಟ್ಟಿ, ಕೊರೆದು ನೋಡಿ, ಅದರ ಯೋಗ್ಯತೆಯನ್ನು ಒಂದು ಅಕ್ಷರ, ಒಂದು ಅಂಕಿಯಲ್ಲಿ ಬರೆದಿಟ್ಟ ಸಂಸ್ಥೆ ‘ಲಾಯ್ಡ್ಸ್ ರಿಜಿಸ್ಟರ್’.

ಹೆಸರು ಬಂದದ್ದು ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಿಂದ. 1691ರಲ್ಲಿ ಲಂಡನ್ನಿನ ಲೊಂಬಾರ್ಡ್ ಬೀದಿಗೆ ಬಂದ ಆ ಅಂಗಡಿಯಲ್ಲಿ ಕಪ್ತಾನರು, ವರ್ತಕರು, ವಿಮೆಗಾರರು ಸೇರುತ್ತಿದ್ದರು. ಅಲ್ಲಿನ ಗಿರಾಕಿಗಳೇ 1760ರಲ್ಲಿ ಒಂದು ಸಂಘ ಕಟ್ಟಿಕೊಂಡು, 1764ರಲ್ಲಿ ಹಡಗುಗಳ ಮೊದಲ ನೋಂದಣಿ ಪುಸ್ತಕ ಹೊರತಂದರು. ಹಡಗಿನ ಒಡಲಿಗೆ ಇಂಗ್ಲಿಷಿನ ಐದು ಸ್ವರಗಳಾದ ಎ, ಇ, ಐ, ಓ, ಯು ದರ್ಜೆ ಸೂಚಿಸಿದವು. ಲಂಗರು, ಹಗ್ಗ, ಹಾಯಿಗಳಿಗೆ ಬೇರೆ ಗುರುತಿತ್ತು; ಮುಂದೆ ಆ ಜಾಗಕ್ಕೆ ಅಂಕಿಗಳು ಬಂದವು. ಒಡಲೂ ಸಲಕರಣೆಯೂ ಉತ್ತಮವಾದ ಹಡಗಿಗೆ ‘ಎ1’.

ಹದಿನೆಂಟನೆಯ ಶತಮಾನದ ಕೊನೆಗೆ ಈ ವ್ಯವಸ್ಥೆ ದಾರಿ ತಪ್ಪಿತು. ಹಡಗು ಎಲ್ಲಿ ಕಟ್ಟಿದ್ದು, ಎಷ್ಟು ವಯಸ್ಸಾಯಿತು ಎಂಬುದರ ಮೇಲೆಯೇ ದರ್ಜೆ ಕೊಡತೊಡಗಿದರು. ಥೇಮ್ಸ್ ನದಿಯ ಹಡಗುಕಟ್ಟೆಗಳಿಗೆ ಹೆಚ್ಚಿನ ಮನ್ನಣೆ ಸಿಕ್ಕಿತು. ಸಿಟ್ಟಾದ ಹಡಗಿನ ಮಾಲೀಕರು 1799ರಲ್ಲಿ ತಮ್ಮದೇ ಪುಸ್ತಕ ಆರಂಭಿಸಿದರು. ವಿಮೆಗಾರರದು ಹಸಿರು ಪುಸ್ತಕ, ಮಾಲೀಕರದು ಕೆಂಪು. ಎರಡೂ ಪೈಪೋಟಿಯಲ್ಲಿ ಸೋತು ಸೊರಗಿದವು. ಅದಕ್ಕಿಂತ ದೊಡ್ಡ ನಷ್ಟ ಹಡಗುಗಳಿಗಾಯಿತು. ವಯಸ್ಸು ಮೀರಿದೊಡನೆ ದರ್ಜೆ ಇಳಿಯುವುದೇ ಆದರೆ, ಗಟ್ಟಿಯಾಗಿ ಕಟ್ಟಿ ಜತನದಿಂದ ಇಟ್ಟುಕೊಳ್ಳಲು ಮಾಲೀಕನಿಗೇನು ಕಾರಣ? 1834ರಲ್ಲಿ ಎರಡೂ ಕೂಡಿ ಸಂಸ್ಥೆ ಹೊಸದಾಗಿ ಹುಟ್ಟಿತು. ಅದರ ಸಮಿತಿಯಲ್ಲಿ ವರ್ತಕರು, ಮಾಲೀಕರು, ವಿಮೆಗಾರರು ಸಮಸಂಖ್ಯೆಯಲ್ಲಿ ಕೂತರು. ಬಂದರುಗಳಲ್ಲಿ ಹಡಗು ಪರೀಕ್ಷಿಸುವ ಸರ್ವೇಯರ್ ವರದಿ ಬರೆಯುತ್ತಿದ್ದ. ದರ್ಜೆ ತೀರ್ಮಾನಿಸುವುದು ಲಂಡನ್ನಿನ ಸಮಿತಿ. ನೋಡುವ ಕಣ್ಣು ಬೇರೆ, ನಿರ್ಧರಿಸುವ ಕೈ ಬೇರೆ.

ಹೊಸ ನಿಯಮಗಳ ತಿರುಳು ಮರ. ಅಡಿತೊಲೆಗೆ ಯಾವ ಮರ, ಪಕ್ಕೆಲುಬಿಗೆ ಯಾವುದು, ಹೊರಹಲಗೆಗೆ ಯಾವುದು ಎಂದು ಪಟ್ಟಿ ಮಾಡಿ, ಅದರಂತೆ ‘ಎ1’ ದರ್ಜೆಗೆ ವರ್ಷ ಕಟ್ಟಿದರು. ಇಂಗ್ಲಿಷ್ ಓಕ್ ಜೊತೆಗೆ ಪಟ್ಟಿಯ ತುದಿಯಲ್ಲಿ ನಿಂತದ್ದು ನಮ್ಮ ತೇಗ: 12 ವರ್ಷ. ಕೆನಡಾದ ಮೃದುಮರದ ಹಡಗುಗಳಿಗೆ ಸಿಗುತ್ತಿದ್ದ ಅವಧಿ ಬಹಳ ಕಡಿಮೆ. ತೇಗದ ಈ ಮನ್ನಣೆಯ ಹಿಂದೆ ಪಶ್ಚಿಮ ಘಟ್ಟದ ಕಾಡುಗಳಿವೆ. ಉತ್ತರ ಕನ್ನಡದ ಸಾಗುವಾನಿ ದಿಮ್ಮಿಗಳು ಕಾಳಿ ನದಿಯಲ್ಲಿ ತೇಲಿ ಸದಾಶಿವಗಡದ ಅಳಿವೆಗೆ ಬಂದು, ಅಲ್ಲಿಂದ ಮುಂಬಯಿಯ ಹಡಗುಕಟ್ಟೆ ಸೇರುತ್ತಿದ್ದವು. ಅದೇ ಕಟ್ಟೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಯುದ್ಧನೌಕೆ ‘ಟ್ರಿಂಕೋಮಲೀ’ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇವತ್ತಿಗೂ ತೇಲುತ್ತಿದೆ.

ಮರ ಒಳ್ಳೆಯದಿದ್ದರೆ ಸಾಲದು, ಜೋಡಣೆಯೂ ಸರಿಯಿರಬೇಕು. ಗಿಲಾವು ಮಾಡಿದ ಮೇಲೆ ಗೋಡೆಯ ಇಟ್ಟಿಗೆ ನೋಡಲಾಗದು. ಹಡಗಿನ ಕತೆಯೂ ಅಷ್ಟೇ. ಆದ್ದರಿಂದ ಕಟ್ಟುವಾಗಲೇ ಮೂರು ಬಾರಿ ತಪಾಸಣೆ. ಮೊದಲನೆಯದು, ಪಕ್ಕೆಲುಬುಗಳ ಚೌಕಟ್ಟು ಎದ್ದು ನಿಂತು, ಮೈಮೇಲೆ ಹಲಗೆ ಬೀಳದಿದ್ದಾಗ. ಎರಡನೆಯದು, ಅಡ್ಡತೊಲೆಗಳು ಕೂತು ಅಟ್ಟ ಹಾಸುವ ಮೊದಲು. ಆಗ ಸರ್ವೇಯರ್ ಇಣುಕಿ ನೋಡಲೆಂದು ಒಳಹಲಗೆಯ ಒಂದೆರಡು ಸಾಲನ್ನು ಹಾಕದೆ ಬಿಟ್ಟಿರಬೇಕು. ಮೂರನೆಯದು, ಕೆಲಸ ಮುಗಿದು ಬಣ್ಣ ಬಳಿಯುವ ಮುನ್ನ. ಹಡಗು ಕಟ್ಟುವಷ್ಟು ಕಾಲವೂ ಸರ್ವೇಯರನ ವಿಶೇಷ ನಿಗಾ ಇದ್ದರೆ, 1853ರಿಂದೀಚೆಗೆ ಅದರ ಹೆಸರಿನ ಜೊತೆ ಮಾಲ್ಟೀಸ್ ಶಿಲುಬೆಯ ಗುರುತು ಬೀಳುತ್ತಿತ್ತು.

ಅವಧಿ ಮುಗಿದ ಹಡಗು ದರ್ಜೆ ಉಳಿಸಿಕೊಳ್ಳಬೇಕೆಂದರೆ ಮೈ ಬಿಚ್ಚಿ ತೋರಿಸಬೇಕಿತ್ತು. ಅಲ್ಲಲ್ಲಿ ಹಲಗೆ ಕಿತ್ತು, ಮರದ ಗೂಟಗಳನ್ನು ಹೊರಗೆ ಹೊಡೆದು, ಬೈರಿಗೆಯಿಂದ ಕೊರೆದು ಒಳಗಿನ ಪುಡಿ ಒಣಗಿದೆಯೋ ಕುಂಬಾಗಿದೆಯೋ ನೋಡುತ್ತಿದ್ದರು. ಕೆಡುಕು ಹೊರಗಿನಿಂದಲೂ ಬರುತ್ತಿತ್ತು. ಬಿಸಿಕಡಲಿನ ಹಡಗುಹುಳುವನ್ನು ತಡೆಯಲು ತಳಕ್ಕೆ ತಾಮ್ರದ ತಗಡು ಹೊದಿಸಿದರೆ, ಉಪ್ಪುನೀರಿನಲ್ಲಿ ಆ ತಾಮ್ರ ಕಬ್ಬಿಣದ ಬೋಲ್ಟುಗಳನ್ನು ತಿನ್ನುತ್ತಿತ್ತು. ಹಾಗಾಗಿ ಬೋಲ್ಟು ಯಾವ ಲೋಹದ್ದು ಎಂಬುದೂ ದರ್ಜೆಯ ಲೆಕ್ಕಕ್ಕೆ ಸೇರಿತು. ಪಕ್ಕೆಲುಬುಗಳ ನಡುವಿನ ಸಂದಿಗೆ ಉಪ್ಪು ತುಂಬಿ ಮರ ಕೊಳೆಯದಂತೆ ಕಾಪಾಡಿದವರಿಗೆ ಒಂದು ವರ್ಷ ಹೆಚ್ಚು.

ದರ್ಜೆ ಇಳಿದರೆ ಹಡಗಿನ ಬಾಳು ಮುಗಿಯುತ್ತಿರಲಿಲ್ಲ, ಹೊರುವ ಸರಕು ಬದಲಾಗುತ್ತಿತ್ತು. ‘ಎ1’ ಅವಧಿ ದಾಟಿದರೂ ಚಹಾದಂಥ ಒಣ ಸರಕನ್ನು ನೆನೆಯದಂತೆ ಸಾಗಿಸಬಲ್ಲ ಹಡಗಿಗೆ ಎ, ಇ ಕೂಡಿದ ಜೋಡಕ್ಷರ. ಅದಕ್ಕೂ ಕೆಳಗಿನ ‘ಇ’ ದರ್ಜೆಯ ಹಡಗಿಗೆ ನೀರು ತಾಗಿದರೂ ಕೆಡದ ಸರಕು.

ಈ ವ್ಯವಸ್ಥೆಗೆ ಎಲ್ಲೆಯೂ ಇತ್ತು. ದರ್ಜೆ ಪಡೆಯಲೇಬೇಕೆಂಬ ಕಾನೂನಿರಲಿಲ್ಲ. ಗಟ್ಟಿ ಹಡಗಿಗೂ ಮಿತಿಮೀರಿ ಸರಕು ತುಂಬಿದರೆ ಮುಳುಗುವುದು ತಪ್ಪದು. ನಾವಿಕರ ಜೀವಕ್ಕಾಗಿ ಸಂಸತ್ತಿನಲ್ಲಿ ಹೋರಾಡಿದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಅವರಿಂದಾಗಿ, ಹಡಗಿನ ಬದಿಯ ಮೇಲೆ ಭಾರದ ಗೆರೆ 1876ರ ಕಾಯಿದೆಯಲ್ಲಿ ಕಡ್ಡಾಯವಾಯಿತು.

ಅಷ್ಟರಲ್ಲಿ ಕಬ್ಬಿಣ ಬಂದಿತ್ತು. ಕಬ್ಬಿಣದ ಚೌಕಟ್ಟಿಗೆ ಮರದ ಹಲಗೆ ಹೊದಿಸಿದ ಹಡಗುಗಳಿಗೂ ಸಂಸ್ಥೆ ನಿಯಮ ರೂಪಿಸಿತು. 1869ರಲ್ಲಿ ಹಾಗೆ ಕಟ್ಟಿದ ಚಹಾ ಹಡಗು ‘ಕಟ್ಟಿ ಸಾರ್ಕ್’, 16 ವರ್ಷದ ‘ಎ1’ ಪಡೆಯಿತು. ಅದನ್ನು ಈಗ ಗ್ರಿನಿಚ್‌ನಲ್ಲಿ ನೋಡಬಹುದು.

ಉಕ್ಕಿನ ಹಡಗುಗಳಿಗೆ ಇಂದಿಗೂ ಇಂಥ ಸಂಸ್ಥೆಗಳೇ ದರ್ಜೆ ಕೊಡುತ್ತವೆ. ಆದರೆ ಮರದ ಹಡಗಿನ ಸರ್ವೇಯರ್ ಬಿಟ್ಟುಹೋದ ಪಾಠ ಹಡಗಿಗಷ್ಟೇ ಸೇರಿದ್ದಲ್ಲ. ಸೇತುವೆಗೋ ಲಿಫ್ಟಿಗೋ ಶಾಲೆಯ ಕಟ್ಟಡಕ್ಕೋ ‘ಸುರಕ್ಷಿತ’ ಎಂಬ ಪ್ರಮಾಣಪತ್ರ ಸಿಕ್ಕಿದಾಗ ನಾವು ಕೇಳಬೇಕಾದ ಪ್ರಶ್ನೆಗಳನ್ನು ಆತ ಅಂದೇ ಸಿದ್ಧಮಾಡಿಟ್ಟಿದ್ದಾನೆ: ನೋಡಿದವರು ಯಾರು, ಮುಚ್ಚುವ ಮೊದಲು ನೋಡಿದರೋ ಆಮೇಲೋ, ಅವರ ಮಾತು ಎಷ್ಟು ವರ್ಷಕ್ಕೆ ಸಲ್ಲುತ್ತದೆ?