ಮಗಳು ಬೆಂಗಳೂರಿನ ಕಂಪನಿಯಲ್ಲಿದ್ದಾಳೆಯೇ? ಮೂರು ತಿಂಗಳ ಗಡುವು ಮರೆಯಬೇಡಿ!

ದಾವಣಗೆರೆ: ಭಾನುವಾರ ರಾತ್ರಿ ಹತ್ತರ ಮೇಲೆ ನಮ್ಮೂರ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಬೆಂಗಳೂರು ಬಸ್ಸಿನ ಮುಂದೆ ಅರ್ಧ ಊರೇ ನಿಂತಿರುತ್ತದೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ರೊಟ್ಟಿ, ಚಟ್ನಿಪುಡಿಯ ಗಂಟು. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಸಾಫ್ಟ್‌ವೇರ್ ಕಂಪನಿ ಸೇರಿದ ನಮ್ಮ ಹುಡುಗ ಹುಡುಗಿಯರು. ಸೋಮವಾರ ಬೆಳಗ್ಗೆ ಸೀಟಿನಲ್ಲಿ ಕೂತಿರಬೇಕು.

ಮೊನ್ನೆ ಅಲ್ಲಿ ಪರಿಚಯದ ಅಂಗಡಿಯವರೊಬ್ಬರು ಮಗಳ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಬಿಟ್ಟು ಬಂದ್ಬಿಡವ್ವ. ಆ ಕೆಲ್ಸ ಇಲ್ದಿದ್ರೆ ನಾವೇನ್ ಉಪವಾಸ ಬೀಳ್ತೀವಾ?"

"ನಾನ್ಯಾಕೆ ಬಿಡ್ಲಿ ಅಪ್ಪಾಜಿ? ತಪ್ಪು ಮಾಡಿದೋನು ಅವ್ನು."

ಬಸ್ಸು ಹೋದ ಮೇಲೆ ಚಹಾ ಕುಡಿಯುತ್ತ ಅವರೇ ಬಾಯಿ ಬಿಟ್ಟರು. ಮಗಳ ಮೇಲಿನವನು ರಾತ್ರಿ ಹನ್ನೊಂದರ ಮೇಲೆ ಮೊಬೈಲಿಗೆ ಸಂದೇಶ ಕಳಿಸುತ್ತಿದ್ದನಂತೆ. ಮೊದಮೊದಲು ಕೆಲಸದ ಮಾತು, ಆಮೇಲೆ ಬೇರೆ ಮಾತು. ಹುಡುಗಿ ಸೊಪ್ಪು ಹಾಕಲಿಲ್ಲ. ಎರಡು ತಿಂಗಳ ಹಿಂದೆ ಸಂದೇಶ ನಿಂತವು, ಅಂದಿನಿಂದ ಒಳ್ಳೊಳ್ಳೆ ಕೆಲಸವೆಲ್ಲ ಬೇರೆಯವರ ಪಾಲು. ಹುಡುಗಿ ಇನ್ನೂ ದೂರು ಕೊಟ್ಟಿಲ್ಲ. ಕೊಟ್ಟರೆ ಕಂಪನಿ ಅವನ ಕಡೆಗೇ ನಿಂತೀತು ಎಂಬ ಹೆದರಿಕೆ. ಅವಳ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಅವಳು ನಾಳೆಯೂ ಅಲ್ಲೇ ಕೆಲಸ ಮಾಡಬೇಕು.

ಆ ಹೆದರಿಕೆ ಸುಳ್ಳೆಂದು ಹೇಳುವ ಹಾಗಿಲ್ಲ. ದೊಡ್ಡ ದೊಡ್ಡ ಕಡೆಯೇ ಹಾಗಾಗಿದೆ.

ಅಮೆರಿಕದಲ್ಲೂ ಇದೇ ಕಥೆ

ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೇ ಟ್ಯಾಕ್ಸಿ ಕಳಿಸುವ ಊಬರ್ ಕಂಪನಿ ಗೊತ್ತಲ್ಲ? 2015ರ ನವೆಂಬರಿನಲ್ಲಿ ಸೂಸನ್ ಫೌಲರ್ ಎಂಬ ಹೆಣ್ಣುಮಗಳು ಅಮೆರಿಕದಲ್ಲಿ ಆ ಕಂಪನಿಗೆ ಇಂಜಿನಿಯರಾಗಿ ಸೇರಿದಳು. ತರಬೇತಿ ಮುಗಿಸಿ ತಂಡಕ್ಕೆ ಹೋದ ಮೊದಲ ದಿನವೇ ಮ್ಯಾನೇಜರನಿಂದ ಕೆಟ್ಟ ಅರ್ಥದ ಸಂದೇಶ ಬಂತು. ಆಕೆ ಸಂದೇಶಗಳ ಫೋಟೋ ಹಿಡಿದಿಟ್ಟುಕೊಂಡು ನೇರವಾಗಿ ಎಚ್.ಆರ್. ವಿಭಾಗಕ್ಕೆ ದೂರು ಕೊಟ್ಟಳು.

ಸಿಕ್ಕ ಉತ್ತರ? ಇದು ಅವನ ಮೊದಲ ತಪ್ಪು, ಆತ ಬಲು ಕೆಲಸಗಾರ, ಎಚ್ಚರಿಕೆ ಕೊಟ್ಟರೆ ಸಾಕು. ನೀನು ಬೇಕಾದರೆ ಬೇರೆ ತಂಡಕ್ಕೆ ಹೋಗು, ಇಲ್ಲೇ ಇದ್ದರೆ ಅವನು ನಿನ್ನ ಬಗ್ಗೆ ಕೆಟ್ಟ ವರದಿ ಬರೆದರೂ ಬರೆಯಬಹುದು! ಆಮೇಲೆ ಬೇರೆ ಹೆಂಗಸರನ್ನು ಮಾತಾಡಿಸಿದಾಗ ಅದೇ ಮನುಷ್ಯನ ಮೇಲೆ ಮುಂಚೆಯೇ ದೂರು ಹೋಗಿದ್ದು ತಿಳಿಯಿತು. "ಮೊದಲ ತಪ್ಪು" ಎಂಬುದೇ ಬೊಗಳೆ.

ನಮ್ಮ ಬಟ್ಟೆ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾಗುವ ಇನ್ನೊಂದು ಸಂಗತಿ ಕೇಳಿ. ಆಕೆಯ ವಿಭಾಗದ ಎಲ್ಲರಿಗೂ ಕಂಪನಿ ಚರ್ಮದ ಜಾಕೆಟ್ ಕೊಡುತ್ತೇನೆಂದು ಅಳತೆಯನ್ನೂ ತೆಗೆದುಕೊಂಡಿತು. ಕೊನೆಗೆ 120ಕ್ಕೂ ಹೆಚ್ಚು ಗಂಡಸರಿಗೆ ಜಾಕೆಟ್ ಬಂತು, ಉಳಿದಿದ್ದ ಆರು ಹೆಂಗಸರಿಗೆ ಇಲ್ಲ. ಕಾರಣ, ಗಂಡಸರ ಜಾಕೆಟ್ಟಿಗೆ ಸಗಟು ರಿಯಾಯಿತಿ ಸಿಕ್ಕಿದೆ, ಹೆಂಗಸರದು ದುಬಾರಿ ಬೀಳುತ್ತದೆ! ಕೋಟಿ ಕೋಟಿ ಎಣಿಸುವ ಕಂಪನಿಗೆ ಆರು ಜಾಕೆಟ್ ಭಾರವಾಯಿತು.

ಒಂದು ವರ್ಷಕ್ಕೇ ಕೆಲಸ ಬಿಟ್ಟ ಆಕೆ 2017ರ ಫೆಬ್ರುವರಿ 19ರಂದು ಇದನ್ನೆಲ್ಲ ಬರೆದು ಬಹಿರಂಗ ಮಾಡಿದಳು. ಲೋಕಕ್ಕೆಲ್ಲ ಗೊತ್ತಾದ ಮೇಲೆ ಕಂಪನಿಗೆ ಎಚ್ಚರ ಬಂತು. ವಿಚಾರಣೆಗಳು ನಡೆದು ಜೂನ್ ಹೊತ್ತಿಗೆ 20ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಕಂಪನಿ ಕಟ್ಟಿದವರಲ್ಲೊಬ್ಬನಾದ ಟ್ರಾವಿಸ್ ಕಲಾನಿಕ್ ಅದೇ ತಿಂಗಳು ಮುಖ್ಯಸ್ಥನ ಕುರ್ಚಿ ಬಿಡಬೇಕಾಯಿತು. ಒಬ್ಬ "ಬಲು ಕೆಲಸಗಾರ"ನನ್ನು ಉಳಿಸಿಕೊಳ್ಳಲು ಹೋದದ್ದಕ್ಕೆ ತೆತ್ತ ಬೆಲೆಯಲ್ಲಿ ಇದೂ ಒಂದು.

ನಮ್ಮ ಕಾನೂನು ಏನನ್ನುತ್ತದೆ?

ನಮ್ಮ ದೇಶದಲ್ಲಿ ಇದಕ್ಕೆಂದೇ ಕಾನೂನಿದೆ. ಅದರ ಬೇರು ಇರುವುದು ಗಾಜಿನ ಕಟ್ಟಡದಲ್ಲಲ್ಲ, ಹಳ್ಳಿಯಲ್ಲಿ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಮಹಿಳಾ ಕಾರ್ಯಕ್ರಮದ ಕೆಲಸಗಾರ್ತಿ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದರ ನಂತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆಯೇ ಆಯಿತು.

ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ನೌಕರರೇ ಅಧ್ಯಕ್ಷರು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಸಂಸ್ಥೆಯವರೊಬ್ಬರು ಕಡ್ಡಾಯ. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಮೈ ಮುಟ್ಟಿದರೆ ಮಾತ್ರ ತಪ್ಪು ಎಂದುಕೊಳ್ಳಬೇಡಿ. ಅಶ್ಲೀಲ ಮಾತು, ಚಿತ್ರ, ಬೇಡದ ಸಂದೇಶ ಎಲ್ಲವೂ ಸೇರುತ್ತವೆ. ಕಂಪನಿಯವರು ಕಳಿಸುವ ಕ್ಯಾಬು ಕೂಡ ಕೆಲಸದ ಜಾಗವೇ.

ಮುಖ್ಯ ಮಾತು ಗಡುವಿನದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಮೇಲಿಂದ ಮೇಲೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು, ಆದರೆ ಅದು ಸಮಿತಿಯ ಮರ್ಜಿ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರವರೆಗೆ ಬೇರೆ ಕಡೆ ವರ್ಗ, ಇಲ್ಲವೇ ಮೂರು ತಿಂಗಳವರೆಗೆ ರಜೆ ಕೇಳುವ ಹಕ್ಕು ಹುಡುಗಿಗಿದೆ. ಹೆಸರು ಹೊರಗೆ ಬಿಡುವಂತಿಲ್ಲ.

"ಸುಳ್ಳು ದೂರು ಕೊಟ್ಟರೆ?" ಎಂದು ಕೇಳುವವರೂ ಇದ್ದಾರೆ. ಬೇಕೆಂದೇ ಸುಳ್ಳು ದೂರು ಕೊಟ್ಟದ್ದು ರುಜುವಾದರೆ ಅದಕ್ಕೂ ಕ್ರಮವಿದೆ. ಆದರೆ ಪುರಾವೆ ಸಾಲಲಿಲ್ಲ ಎಂದಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟ ಈ ಬಾತ್ಮೀದಾರನಿಗೆ ಇದಿಷ್ಟು ತಿಳಿದುಕೊಳ್ಳಲು ಎರಡು ದಿನ ಹಿಡಿಯಿತು. ಬುಧವಾರ ಒಂದು ಚೀಟಿಯಲ್ಲಿ ಬರೆದು ಆ ತಂದೆಯ ಅಂಗಡಿಗೆ ಹೋಗಿ ಕೊಟ್ಟೆ. ಕೊನೆಯ ಸಂದೇಶದ ತಾರೀಖು ಅವರಿಗೆ ನೆನಪಿತ್ತು. ಕ್ಯಾಲೆಂಡರ್ ಇಳಿಸಿ ಲೆಕ್ಕ ಹಾಕಿದರು. "ಇನ್ನೂ ಇಪ್ಪತ್ತಾರು ದಿನ ಐತ್ರೀ" ಎಂದವರೇ ಗಲ್ಲಾಪೆಟ್ಟಿಗೆ ಮುಚ್ಚಿ ಮಗಳಿಗೆ ಫೋನು ಹಚ್ಚಿದರು. "ಬಿಟ್ಟು ಬರೋದು ಬ್ಯಾಡವ್ವ. ಆ ಮೆಸೇಜೆಲ್ಲ ತೆಗೆದಿಟ್ಕೊಂಡೀಯಲ್ಲ? ಬರದು ಕೊಡು. ಬೇಕಂದ್ರೆ ನಾನೂ ಬರ್ತೀನಿ."

ಚೀಟಿ ಇಲ್ಲದ ಸಾಲ ವಸೂಲಾಗದು ಎಂಬುದು ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೂ ಹಾಗೆಯೇ. ಸಂದೇಶ ಅಳಿಸಬಾರದು, ತಾರೀಖು ಬರೆದಿಡಬೇಕು, ದೂರಿನ ಪ್ರತಿ ಕೈಯಲ್ಲಿರಬೇಕು.

ನಮ್ಮ ಪೇಟೆಗೂ ಅನ್ವಯ!

ಇದು ಬೆಂಗಳೂರಿನವರ ಕಾನೂನು ಎಂದು ಪತ್ರಿಕೆ ಮಡಚಬೇಡಿ. ನಮ್ಮ ಬಟ್ಟೆ ಅಂಗಡಿ, ಕಂಪ್ಯೂಟರ್ ಸೆಂಟರ್, ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಇದೇ ಕಾಯ್ದೆ. ಹತ್ತಕ್ಕಿಂತ ಕಡಿಮೆ ಜನ ಇರುವಲ್ಲಿ, ಇಲ್ಲವೇ ಮಾಲೀಕನ ಮೇಲೆಯೇ ದೂರಿದ್ದಲ್ಲಿ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಎಲ್ಲ ಜಿಲ್ಲೆಗಳಲ್ಲೂ ಈ ವ್ಯವಸ್ಥೆ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಮತ್ತೆ ಆದೇಶಿಸಿದೆ.

ಮಂಡಿಪೇಟೆಯ ನಾಲ್ಕಾರು ಅಂಗಡಿಗಳಲ್ಲಿ ಈ ಸ್ಥಳೀಯ ಸಮಿತಿಯ ಬಗ್ಗೆ ಕೇಳಿದೆ. "ಅದ್ಯಾವ ಸಮಿತಿರೀ?" ಎಂಬುದೇ ಉತ್ತರ. ಇರುವ ಕಾನೂನು ಜನರಿಗೆ ಗೊತ್ತಿಲ್ಲದಿದ್ದರೆ ಇದ್ದೂ ಇಲ್ಲದಂತೆ. ಸಮಿತಿಯವರ ಹೆಸರು, ಫೋನ್ ನಂಬರು ಬರೆದ ಒಂದೊಂದು ಬೋರ್ಡು ಬಸ್ ನಿಲ್ದಾಣದಲ್ಲಿ, ಪೇಟೆಯಲ್ಲಿ, ಕಾಲೇಜುಗಳ ಬಾಗಿಲಲ್ಲಿ ಹಾಕಿಸಲು ಎಷ್ಟು ಖರ್ಚಾದೀತು?

ಭಾನುವಾರ ರಾತ್ರಿ ಬಸ್ಸು ಹತ್ತುವ ಹುಡುಗಿಯರು ಹತ್ತುವ ಮುಂಚೆ ಓದಿಕೊಳ್ಳಲಿ. ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?