ನೀಲಿ ‘ಇ’ಯನ್ನು ಕಳಿಸಿಕೊಡುವ ಮುನ್ನ

ಕಂಪ್ಯೂಟರ್‌ನಲ್ಲಿ ಒಂದು ಬ್ರೌಸರ್ ಬಿಟ್ಟು ಇನ್ನೊಂದು ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು? ನಮ್ಮ ಹಾಸ್ಟೆಲ್ ಲೆಕ್ಕದಲ್ಲಿ ಐದು ನಿಮಿಷ. ಇದೇ ಲೆಕ್ಕ ಹಿಡಿದು ಕಳೆದ ಸೆಮಿಸ್ಟರ್ ರಜೆಯಲ್ಲಿ, ಕಂಪ್ಯೂಟರ್ ಸರ್ವಿಸ್ ಮಾಡುವ ನೆರೆಮನೆಯ ಅಣ್ಣನ ಜತೆ ಕೆಲಸಕ್ಕೆ ಹೊರಟೆ. ಕಾರ್ಕಳ, ಉಡುಪಿ, ಕಾಪುವಿನಲ್ಲಿ ಶಾಖೆಗಳಿರುವ ಒಂದು ಸಹಕಾರಿ ಸಂಘ. ಕೌಂಟರ್‌ಗಳಲ್ಲಿ ಇನ್ನೂ ವಿಂಡೋಸ್ 7, ಪರದೆಯ ಮೇಲೆ ಅದೇ ನೀಲಿ ‘ಇ’. ಇಂಟರ್‌ನೆಟ್ ಎಕ್ಸ್‌ಪ್ಲೋರರ್!

1995ರಲ್ಲಿ ಹುಟ್ಟಿದ ಈ ಬ್ರೌಸರ್‌ ನನಗಿಂತ ಹಿರಿಯ. ಒಂದು ಕಾಲದಲ್ಲಿ ಇಂಟರ್‌ನೆಟ್ ನೋಡುವ ಹತ್ತರಲ್ಲಿ ಒಂಬತ್ತು ಮಂದಿ ಇದನ್ನೇ ಬಳಸುತ್ತಿದ್ದರು. ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಇದಕ್ಕೆ ನಿವೃತ್ತಿ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ವಿಂಡೋಸ್ 10ರ ಬಹುತೇಕ ಕಂಪ್ಯೂಟರ್‌ಗಳಲ್ಲಿ ಅದು ತೆರೆಯದಂತೆಯೇ ಮಾಡಿತು. ವಿಂಡೋಸ್ 7ಕ್ಕಂತೂ 2020ರಲ್ಲೇ ಉಚಿತ ಭದ್ರತಾ ಅಪ್‌ಡೇಟ್ ನಿಂತಿತ್ತು. ಅಂದರೆ ಜನರ ಉಳಿತಾಯದ ಲೆಕ್ಕವಿರುವ ಕಂಪ್ಯೂಟರ್‌ಗಳು ಬೀಗ ಹಳತಾದ ಮನೆಯಂತೆ ಇದ್ದವು. ಬದಲಾಯಿಸಲೇಬೇಕಿತ್ತು.

ಒಂದು ಶನಿವಾರ ಸಂಜೆ ಕಾಪು ಶಾಖೆಯ ಕೌಂಟರ್‌ನಲ್ಲಿ ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ಇಟ್ಟೆವು. ಲಾಗಿನ್ ಆಯಿತು, ಖಾತೆ ತೆರೆಯಿತು, ಠೇವಣಿ ಪುಟ ಬಂತು. ‘ಎಲ್ಲ ಸರಿ ಇದೆ’ ಎಂದು ನಾನೇ ಹೇಳಿದೆ.

ಸೋಮವಾರ ಬೆಳಗ್ಗೆ ಮೀನು ಮಾರುವ ಅಮ್ಮ ಒಬ್ಬರು ಪಾಸ್‌ಬುಕ್ ಕೊಟ್ಟರು. ಪ್ರಿಂಟ್ ಒತ್ತಿದರೆ ಏನೂ ಇಲ್ಲ. ಪಾಸ್‌ಬುಕ್ ಪ್ರಿಂಟರ್‌ಗೆ ಅಕ್ಷರ ಕಳಿಸುವ ಭಾಗವನ್ನು ‘ಆ್ಯಕ್ಟಿವ್‌ಎಕ್ಸ್’ ಎಂಬ ಹಳೆಯ ತಂತ್ರದಲ್ಲಿ ಬರೆದಿದ್ದರು. ಅದು ನಡೆಯುವುದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಅರ್ಧ ಗಂಟೆ ಕಾದ ಅವರು ‘ಎಲ್ಲೆ ಬರ್ಪೆ’ ಎನ್ನುತ್ತಾ ಬುಟ್ಟಿ ಎತ್ತಿಕೊಂಡು ಹೋದರು. ನಾಳೆ ಬರುತ್ತೇನೆ ಎಂದರು ಅಷ್ಟೆ, ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು!

ಕೌಂಟರ್‌ನ ಮೇಡಂ ಹೇಳಿದರು: ‘ನೋಡು ಮಾರಾಯ, ನಿಮ್ಗೆ ಅದು ಹಳತು. ನನ್ಗೆ ಅದ್ರಲ್ಲೇ ಕೈ ಕೂತಿದೆ. ಪಾಸ್‌ಬುಕ್ ವಿಷಯ ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ.’

ಹಳೆಯ ಕಂಪ್ಯೂಟರನ್ನು ಮತ್ತೆ ಜೋಡಿಸಿ ಅಣ್ಣ ನನ್ನ ಕೈಗೆ ನೋಟ್‌ಬುಕ್ ಕೊಟ್ಟರು. ಮೂರು ದಿನ ಪ್ರತಿ ಕೌಂಟರ್‌ನಲ್ಲಿ ಕೂತು, ಬೆಳಗ್ಗೆಯಿಂದ ಸಂಜೆವರೆಗೆ ಯಾರು ಯಾವ ಪುಟ ತೆರೆಯುತ್ತಾರೆ, ಏನು ಪ್ರಿಂಟ್ ಮಾಡುತ್ತಾರೆ ಎಂದು ಬರೆದುಕೊಂಡೆ. ತಿಂಗಳ ಕೊನೆಗೆ, ವರ್ಷದ ಕೊನೆಗೆ ಮಾತ್ರ ಬರುವ ಕೆಲಸಗಳನ್ನೂ ಕೇಳಿದೆ. ಕೊನೆಗೆ ನಿಜವಾಗಿ ಎಕ್ಸ್‌ಪ್ಲೋರರ್ ಬೇಕಾದದ್ದು ಎರಡೇ ಕೆಲಸಕ್ಕೆ: ಪಾಸ್‌ಬುಕ್ ಮತ್ತು ಒಂದು ಹಳೆಯ ವರದಿ.

ಅದಕ್ಕೆ ದಾರಿಯೂ ಇತ್ತು. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್‌ನಲ್ಲಿ ‘ಐಇ ಮೋಡ್’ ಎಂಬ ವ್ಯವಸ್ಥೆ ಇದೆ. ಯಾವ ವಿಳಾಸಗಳಿಗೆ ಹಳೆಯ ಎಂಜಿನ್ ಬೇಕು ಎಂದು ಪಟ್ಟಿ ಮಾಡಿಕೊಟ್ಟರೆ ಅವು ಮಾತ್ರ ಎಡ್ಜ್‌ನೊಳಗೇ ಹಳೆಯ ರೀತಿಯಲ್ಲಿ ತೆರೆಯುತ್ತವೆ, ಆ್ಯಕ್ಟಿವ್‌ಎಕ್ಸ್ ಕೂಡ ನಡೆಯುತ್ತದೆ. ಉಳಿದದ್ದೆಲ್ಲ ಹೊಸ ಎಂಜಿನ್‌ನಲ್ಲಿ. ಸಿಬ್ಬಂದಿ ಯಾವುದನ್ನೂ ಆರಿಸಬೇಕಿಲ್ಲ. ಆದರೆ ಇದು ಶಾಶ್ವತ ಪರಿಹಾರವಲ್ಲ. ಕನಿಷ್ಠ 2029ರವರೆಗೆ ಬೆಂಬಲ ಇರುತ್ತದೆ ಎಂದಷ್ಟೇ ಕಂಪನಿ ಹೇಳಿದೆ. ಅಷ್ಟರೊಳಗೆ ಪಾಸ್‌ಬುಕ್ ಮುದ್ರಣವನ್ನು ಹೊಸದಾಗಿ ಬರೆದುಕೊಡಿ ಎಂದು ಸಾಫ್ಟ್‌ವೇರ್ ಮಾಡಿಕೊಟ್ಟವರಿಗೆ ಸಂಘದಿಂದ ಪತ್ರ ಹೋಯಿತು.

ಎರಡನೇ ಸಲ ಆತುರಪಡಲಿಲ್ಲ. ಮೊದಲು ಒಂದೇ ಕೌಂಟರ್, ಒಂದು ವಾರ. ಹಳೆಯ ಕಂಪ್ಯೂಟರ್ ಪಕ್ಕದಲ್ಲೇ ಸಿದ್ಧವಾಗಿತ್ತು. ಆಮೇಲೆ ಕಾಪು ಶಾಖೆ, ಉಡುಪಿ, ಕೊನೆಗೆ ಕಾರ್ಕಳ. ಹೊಸ ಪರದೆಯಲ್ಲಿ ಎಲ್ಲಿ ಒತ್ತಬೇಕು ಎಂದು ಉಳಿದವರಿಗೆ ಕಲಿಸಿದ್ದು ನಾನಲ್ಲ, ಅದೇ ಮೇಡಂ. ಮೀನಿನ ಅಮ್ಮ ಮರುದಿನವೇ ಬಂದು ಪಾಸ್‌ಬುಕ್ ಬರೆಸಿಕೊಂಡು ಹೋಗಿದ್ದರಂತೆ.

ಹೊಸತನ್ನು ಕಟ್ಟುವುದನ್ನು ಕಾಲೇಜಿನಲ್ಲಿ ಕಲಿಯುತ್ತೇವೆ. ಹಳತನ್ನು ಯಾರಿಗೂ ತೊಂದರೆಯಾಗದಂತೆ ತೆಗೆಯುವುದು ಯಾವ ಪೇಪರ್‌ನಲ್ಲೂ ನನಗೆ ಸಿಕ್ಕಿಲ್ಲ. ನಾಳೆ ನೀವು ಕೆಲಸಕ್ಕೆ ಸೇರುವ ಆಫೀಸಿನಲ್ಲೂ ಇಂಥದ್ದೊಂದು ನೀಲಿ ‘ಇ’ ಇರಬಹುದು. ನಗುವ ಮೊದಲು, ಅಳಿಸುವ ಮೊದಲು, ಅದರ ಮುಂದೆ ಕೂತವರನ್ನು ಒಮ್ಮೆ ಕೇಳಿ. ನಾನು ಕೇಳಿದ್ದು ಒಂದು ಸೋಮವಾರ ತಡವಾಗಿ.