ಬಾನಿನಿಂದ ಪಾಠ ಹೇಳಹೊರಟ ಟೀಚರ್

ಹೈಸ್ಕೂಲಿನಲ್ಲಿ ಪಾಠ ಹೇಳಿದ ಎಲ್ಲರ ಹೆಸರೂ ನಮಗೆ ನೆನಪಿರುವುದಿಲ್ಲ. ಆದರೆ ಒಬ್ಬರು ಮಾತ್ರ ಹಾಗೇ ಮನಸ್ಸಿನಲ್ಲಿ ಉಳಿದುಬಿಡುತ್ತಾರೆ. ಅವರು ಹೇಳಿದ ಪಾಠ ಮರೆತುಹೋದರೂ ಅವರ ದನಿ, ಅವರ ನಗು, ‘ನಿನ್ನ ಕೈಲಾಗುತ್ತೆ ಕಣೇ, ಮಾಡು’ ಅಂತ ಅಂದ ಆ ಒಂದು ಮಾತು ಮರೆಯುವುದಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಾಂಕರ್ಡ್ ಎಂಬ ಊರಿನ ಹೈಸ್ಕೂಲ್ ಮಕ್ಕಳಿಗೆ ಅಂಥ ಟೀಚರ್ ಆಗಿದ್ದವರು ಕ್ರಿಸ್ಟಾ ಮೆಕಾಲಿಫ್.

ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ಲವೇ? 1986ರ ಜನವರಿ 28ರಂದು ‘ಚಾಲೆಂಜರ್’ ಎಂಬ ಬಾಹ್ಯಾಕಾಶ ನೌಕೆ ನೆಲ ಬಿಟ್ಟ 73 ಸೆಕೆಂಡುಗಳಲ್ಲೇ ಆಕಾಶದಲ್ಲಿ ಛಿದ್ರವಾಯಿತು. ಅದರಲ್ಲಿದ್ದ ಏಳು ಮಂದಿಯೂ ತೀರಿಕೊಂಡರು. ಆ ಏಳು ಮಂದಿಯಲ್ಲಿ ಒಬ್ಬರು ಸ್ಕೂಲ್ ಟೀಚರ್. ಪ್ರಪಂಚ ಆಕೆಯನ್ನು ನೆನೆಯುವುದು ಆ 73 ಸೆಕೆಂಡುಗಳಿಂದ. ಆದರೆ ಅದಕ್ಕೂ ಮುಂಚೆ ಸುಮಾರು ಹದಿನೈದು ವರ್ಷ ಆಕೆ ಕರಿಹಲಗೆಯ ಮುಂದೆ ನಿಂತಿದ್ದರು. ಆ ಹದಿನೈದು ವರ್ಷಗಳನ್ನು ಬಿಟ್ಟು ಆಕೆಯ ಕಥೆ ಹೇಳಿದರೆ, ಹಬ್ಬಕ್ಕೆ ಹೋಗಿ ಬಾಗಿಲ ತೋರಣ ನೋಡಿಕೊಂಡು ವಾಪಸು ಬಂದ ಹಾಗಾದೀತು.

ಐವರಲ್ಲಿ ಹಿರಿಯಳು

ಕ್ರಿಸ್ಟಾ ಹುಟ್ಟಿದ್ದು 1948ರ ಸೆಪ್ಟೆಂಬರ್ 2ರಂದು, ಬಾಸ್ಟನ್ ನಗರದಲ್ಲಿ. ಬೆಳೆದದ್ದು ಅಲ್ಲೇ ಸಮೀಪದ ಫ್ರೇಮಿಂಗ್‌ಹ್ಯಾಂ ಎಂಬ ಊರಲ್ಲಿ. ಐವರು ಮಕ್ಕಳಲ್ಲಿ ಈಕೆಯೇ ಹಿರಿಯಳು. ತಂದೆ ಲೆಕ್ಕಪತ್ರದ ಕೆಲಸದವರು. ತಾಯಿ ಗ್ರೇಸ್ ಕಾರಿಗನ್ ಸ್ಕೂಲುಗಳಲ್ಲಿ ಬದಲಿ ಟೀಚರ್ ಆಗಿ ದುಡಿದವರು.

1962ರಲ್ಲಿ ಜಾನ್ ಗ್ಲೆನ್ ಎಂಬ ಅಮೆರಿಕನ್ ಗಗನಯಾತ್ರಿ ಭೂಮಿಯನ್ನು ಸುತ್ತಿ ಬಂದಾಗ ಕ್ರಿಸ್ಟಾಳಿಗೆ ಹದಿಮೂರು ವರ್ಷ. ಒಂದು ದಿನ ಜನ ಚಂದ್ರನಲ್ಲಿಗೂ ಹೋಗುತ್ತಾರೆ, ನನಗೂ ಹೋಗಬೇಕು ಅಂತ ಆಗ ಗೆಳತಿಯ ಹತ್ತಿರ ಹೇಳಿಕೊಂಡಿದ್ದಳಂತೆ. ಆ ಕಾಲದಲ್ಲಿ ಅಮೆರಿಕದ ಹುಡುಗಿಯರಿಗೂ ಆ ಬಾಗಿಲು ತೆರೆದಿರಲಿಲ್ಲ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ‘ನಾಸಾ’ ಗಗನಯಾತ್ರಿಗಳ ತಂಡಕ್ಕೆ ಹೆಂಗಸರನ್ನು ಮೊದಲ ಬಾರಿ ತೆಗೆದುಕೊಂಡದ್ದು 1978ರಲ್ಲಿ.

ಕ್ರಿಸ್ಟಾ ಚರಿತ್ರೆ ಓದಿ 1970ರಲ್ಲಿ ಪದವಿ ಪಡೆದರು. ಅದೇ ವರ್ಷ, ಹೈಸ್ಕೂಲಿನಿಂದ ಪರಿಚಯವಿದ್ದ ಸ್ಟೀವನ್ ಮೆಕಾಲಿಫ್ ಅವರೊಂದಿಗೆ ಮದುವೆಯೂ ಆಯಿತು. ಗಂಡ ರಾಜಧಾನಿ ವಾಷಿಂಗ್ಟನ್‌ನಲ್ಲಿ ಲಾ ಓದುತ್ತಿದ್ದಾಗ ಈಕೆ ಪಕ್ಕದ ಮೇರಿಲ್ಯಾಂಡ್ ರಾಜ್ಯದ ಸ್ಕೂಲುಗಳಲ್ಲಿ ಪಾಠ ಹೇಳಿದರು. 1976ರಲ್ಲಿ ಮಗ ಹುಟ್ಟಿದ. ಎಳೆಯ ಮಗುವನ್ನು ಸಂಭಾಳಿಸುತ್ತಾ, ಕೆಲಸವನ್ನೂ ಬಿಡದೆ 1978ರಲ್ಲಿ ಎಂ.ಎ. ಮುಗಿಸಿದರು. ಆ ವರ್ಷವೇ ಸಂಸಾರ ಕಾಂಕರ್ಡಿಗೆ ಬಂತು. ಮರುವರ್ಷ ಮಗಳು ಹುಟ್ಟಿದಳು. ಮನೆ, ಮಕ್ಕಳು, ತಿದ್ದಬೇಕಾದ ನೋಟ್‌ಬುಕ್ಕುಗಳ ರಾಶಿ - ಉದ್ಯೋಗಸ್ಥ ಹೆಂಗಸಿನ ಪಾಡು ಯಾವ ದೇಶದಲ್ಲಾದರೂ ಒಂದೇ ಅಲ್ಲವೇ?

ರಾಜರಿಲ್ಲದ ಚರಿತ್ರೆ

ಕಾಂಕರ್ಡ್ ಹೈಸ್ಕೂಲಿನಲ್ಲಿ ಆಕೆ ಚರಿತ್ರೆ, ಕಾನೂನು, ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು. ಚರಿತ್ರೆ ಅಂದರೆ ನಮಗೆ ಗೊತ್ತಿರುವುದೇನು? ಯುದ್ಧ, ಒಪ್ಪಂದ, ಇಸವಿಗಳ ಸಾಲು. ಕ್ರಿಸ್ಟಾ ಟೀಚರ್ ನಂಬಿದ್ದು ಬೇರೆ. ದೊಡ್ಡವರ ಆಳ್ವಿಕೆಯಷ್ಟೇ ಮುಖ್ಯ ಸಾಮಾನ್ಯ ಜನರ ಬದುಕು. ಅವರು ಬರೆದ ಕಾಗದ, ಡೈರಿ, ಪ್ರವಾಸದ ಟಿಪ್ಪಣಿಗಳಲ್ಲಿ ಒಂದು ಕಾಲದ ನಿಜ ಅಡಗಿರುತ್ತದೆ ಅಂತ.

ಹಾಗೆ ನೋಡಿದಾಗ ಆಕೆಗೆ ಒಂದು ಕೊರತೆ ಕಂಡಿತು. ಚರಿತ್ರೆಯ ಪುಸ್ತಕಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ! ಪುಸ್ತಕದಲ್ಲಿಲ್ಲ ಅಂತ ಆಕೆ ಸುಮ್ಮನಾಗಲಿಲ್ಲ. ‘ಅಮೆರಿಕನ್ ಮಹಿಳೆ’ ಎಂಬ ಹೊಸ ಪಾಠಕ್ರಮವನ್ನೇ ಸ್ವತಃ ರೂಪಿಸಿದರು. ಹೊಲದಲ್ಲಿ ದುಡಿದವರು, ಬಾಣಂತನ ಮಾಡಿದವರು, ಓಟಿನ ಹಕ್ಕಿಗಾಗಿ ಬೀದಿಗಿಳಿದವರು, ಇವರೆಲ್ಲ ಇಲ್ಲದೆ ಒಂದು ದೇಶ ಕಟ್ಟುವುದುಂಟೇ? ಹಳೆಯ ಹೆಂಗಸರು ಬರೆದಿಟ್ಟ ಡೈರಿಗಳ ಮೂಲಕ ಮಕ್ಕಳಿಗೆ ಆ ಬದುಕನ್ನು ತೋರಿಸಿದರು.

ಇನ್ನು ಕಾನೂನಿನ ತರಗತಿ. ಪುಸ್ತಕದಲ್ಲಿ ಓದಿ ಬಾಯಿಪಾಠ ಒಪ್ಪಿಸುವುದಕ್ಕಿಂತ ಕಣ್ಣಾರೆ ನೋಡಲಿ ಅಂತ ಮಕ್ಕಳನ್ನು ಕೋರ್ಟಿಗೂ, ಜೈಲಿಗೂ ಕರೆದುಕೊಂಡು ಹೋಗುತ್ತಿದ್ದರು. ತರಗತಿಯನ್ನೇ ನ್ಯಾಯಾಲಯ ಮಾಡಿ, ಮಕ್ಕಳಿಂದಲೇ ವಾದ-ಪ್ರತಿವಾದ ಮಾಡಿಸುತ್ತಿದ್ದರು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಟೀಚರ್ ಅಂತಲೇ ಆಕೆ ಹೆಸರಾಗಿದ್ದರು.

ಹನ್ನೊಂದು ಸಾವಿರದಲ್ಲಿ ಒಬ್ಬಾಕೆ

1984ರ ಆಗಸ್ಟ್ 27ರಂದು ಅಧ್ಯಕ್ಷ ರೇಗನ್ ಒಂದು ಘೋಷಣೆ ಮಾಡಿದರು: ಬಾಹ್ಯಾಕಾಶಕ್ಕೆ ಹೋಗುವ ಮೊದಲ ಸಾಮಾನ್ಯ ನಾಗರಿಕ ಒಬ್ಬ ಉಪಾಧ್ಯಾಯ ಅಥವಾ ಉಪಾಧ್ಯಾಯಿನಿ! ಅರ್ಜಿ ಹಾಕಿದವರು ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ. ಅವರಲ್ಲಿ 114 ಜನರನ್ನು ಆರಿಸಿದರು. ಆಮೇಲೆ ಹತ್ತು ಜನ ಉಳಿದರು.

ಆ ಹತ್ತು ಮಂದಿಯಲ್ಲಿ ವಿಜ್ಞಾನ ಓದಿದವರಿದ್ದರು, ವಿಮಾನ ನಡೆಸಬಲ್ಲವರಿದ್ದರು. ಕ್ರಿಸ್ಟಾ ಹೇಳಿದ್ದು ಬಲು ಸರಳವಾದ ಮಾತು. ಹಿಂದಿನ ಕಾಲದಲ್ಲಿ ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದ ಹೆಂಗಸರು ಕಮಾನು ಗಾಡಿಗಳಲ್ಲಿ ಕೂತು ದಾರಿಯುದ್ದಕ್ಕೂ ಡೈರಿ ಬರೆದರಲ್ಲ, ಹಾಗೇ ನಾನೂ ಬಾಹ್ಯಾಕಾಶದ ಪ್ರಯಾಣದ ಡೈರಿ ಬರೆಯುತ್ತೇನೆ. ಸಾಮಾನ್ಯಳೊಬ್ಬಳ ಕಣ್ಣಿಗೆ ಕಂಡದ್ದನ್ನು ಸಾಮಾನ್ಯರಿಗೆ ತಿಳಿಸುತ್ತೇನೆ. ನೋಡಿದಿರಾ? ತರಗತಿಯಲ್ಲಿ ಹೇಳಿಕೊಡುತ್ತಿದ್ದದ್ದನ್ನೇ ಆಕೆ ತಾನೂ ಮಾಡಹೊರಟಿದ್ದರು!

1985ರ ಜುಲೈ 19ರಂದು ಶ್ವೇತಭವನದಲ್ಲಿ ಉಪಾಧ್ಯಕ್ಷ ಜಾರ್ಜ್ ಬುಷ್ ಆಕೆಯ ಹೆಸರು ಪ್ರಕಟಿಸಿದರು. ಟೀಚರಿಗೆ ಮಾತೇ ಹೊರಡದಿರುವುದು ಅಪರೂಪ ಅಂತ ಆಕೆ ನಗುತ್ತಲೇ ಕಣ್ಣು ತುಂಬಿಕೊಂಡರು. ಹೋಗುವುದು ನನ್ನೊಬ್ಬಳ ದೇಹವಾದರೂ ಹತ್ತು ಮಂದಿಯ ಜೀವ ನನ್ನ ಜೊತೆಗಿರುತ್ತದೆ ಎಂದು ಉಳಿದ ಗೆಳೆಯರನ್ನೂ ನೆನೆದರು. ಕ್ರಿಸ್ಟಾಗೆ ತೊಂದರೆಯಾದರೆ ಬದಲಿಗೆ ಹೋಗಬೇಕಾಗಿದ್ದವರು ಇಡಾಹೊ ರಾಜ್ಯದ ಪ್ರೈಮರಿ ಸ್ಕೂಲ್ ಟೀಚರ್ ಬಾರ್ಬರಾ ಮಾರ್ಗನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸೆಪ್ಟೆಂಬರಿನಿಂದ ಹೂಸ್ಟನ್‌ನಲ್ಲಿ ತರಬೇತಿ. ಗಂಡ-ಮಕ್ಕಳು ಕಾಂಕರ್ಡಿನಲ್ಲಿ, ಈಕೆ ಬಹಳ ದೂರದಲ್ಲಿ. ಬಾನಿನಿಂದ ಟೆಲಿವಿಷನ್ ಮೂಲಕ ಹದಿನೈದು ಹದಿನೈದು ನಿಮಿಷದ ಎರಡು ಪಾಠ ಹೇಳುವುದೆಂದು ತೀರ್ಮಾನವಾಯಿತು. ಒಂದರಲ್ಲಿ ನೌಕೆಯ ಒಳಗನ್ನು ತೋರಿಸುವುದು; ಇನ್ನೊಂದರಲ್ಲಿ ಮನುಷ್ಯ ಬಾಹ್ಯಾಕಾಶಕ್ಕೆ ಯಾಕೆ ಹೋಗಬೇಕು ಎಂದು ಹೇಳುವುದು. ಜೊತೆಗೆ ತೂಕವಿಲ್ಲದ ಜಾಗದಲ್ಲಿ ಮಾಡಿ ಚಿತ್ರೀಕರಿಸಬೇಕಾದ ಕೆಲವು ಚಿಕ್ಕ ಪ್ರಯೋಗಗಳು. ಜೊತೆಗೊಯ್ಯಲು ಆಕೆ ಆರಿಸಿಕೊಂಡ ಸ್ವಂತ ವಸ್ತುಗಳಲ್ಲಿ ಅಜ್ಜಿಯ ಗಡಿಯಾರ, ಮಗಳ ಶಿಲುಬೆಯ ಸರ, ಮಗನ ಆಟದ ಬಟ್ಟೆಗಪ್ಪೆ ಇದ್ದವು. ಗಗನಕ್ಕೆ ಹೊರಟರೂ ತಾಯಿ ತಾಯಿಯೇ!

ಆ ದಿನ

ಜನವರಿ 28, ಮಂಗಳವಾರ. ಫ್ಲಾರಿಡಾದಲ್ಲಿ ಹಿಂದಿನ ರಾತ್ರಿ ಕೊರೆಯುವ ಚಳಿ. ಉಡಾವಣೆಯ ಕಟ್ಟೆಯಿಂದ ಮಂಜುಗಡ್ಡೆಯ ಕೋಲುಗಳು ಜೋತುಬಿದ್ದಿದ್ದವು. ತಂದೆ-ತಾಯಿ, ಗಂಡ, ಮಕ್ಕಳು, ಮಗನ ತರಗತಿಯ ಹುಡುಗರು, ಎಲ್ಲ ನೋಡಲು ಬಂದಿದ್ದರು. ಇತ್ತ ಕಾಂಕರ್ಡ್ ಹೈಸ್ಕೂಲಿನಲ್ಲಿ ಮಕ್ಕಳು ಕಾಗದದ ಟೋಪಿ ಹಾಕಿ, ಪೀಪಿ ಊದುತ್ತಾ ಟಿ.ವಿ. ಮುಂದೆ ನೆರೆದಿದ್ದರು. ಅಮೆರಿಕದ ಎಷ್ಟೋ ಸ್ಕೂಲುಗಳಲ್ಲಿ ಅಂದು ಪಾಠ ನಿಲ್ಲಿಸಿ ಮಕ್ಕಳಿಗೆ ಇದನ್ನೇ ತೋರಿಸಿದರು.

ಬೆಳಿಗ್ಗೆ 11 ಗಂಟೆ 38 ನಿಮಿಷಕ್ಕೆ ಚಾಲೆಂಜರ್ ಮೇಲೆದ್ದಿತು. 73 ಸೆಕೆಂಡು. ಆಮೇಲೆ ಆಕಾಶದಲ್ಲಿ ಕವಲೊಡೆದ ಬಿಳಿಯ ಹೊಗೆ. ಮಕ್ಕಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಆ ಸಭಾಂಗಣದ ಮೌನ ಹೇಗಿದ್ದಿರಬೇಕು, ಯೋಚಿಸಿ. ಕ್ರಿಸ್ಟಾಗೆ ಆಗ ಮೂವತ್ತೇಳು ವರ್ಷ. ಮಗನಿಗೆ ಒಂಬತ್ತು, ಮಗಳಿಗೆ ಆರು.

ಕಾರಣ ತಿಳಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಪ್ರೆಷರ್ ಕುಕ್ಕರಿನ ಮುಚ್ಚಳಕ್ಕೆ ರಬ್ಬರಿನ ಗ್ಯಾಸ್ಕೆಟ್ ಇರುತ್ತದಲ್ಲ? ಅದು ಗಟ್ಟಿಯಾಗಿ ಬಿಗಿ ಕೂರದಿದ್ದರೆ ಹಬೆ ಸಂದಿಯಿಂದ ಹೊರಗೆ ಬರುತ್ತದೆ. ನೌಕೆಯನ್ನು ಮೇಲಕ್ಕೆ ತಳ್ಳುವ ರಾಕೆಟ್ಟಿನ ಭಾಗಗಳು ಸೇರುವ ಕಡೆಯೂ ಅಂಥದೇ ರಬ್ಬರ್ ಉಂಗುರಗಳಿದ್ದವು. ಚಳಿಗೆ ಅವು ಬಿರುಸಾಗಿ, ಸಂದಿಯಿಂದ ಬೆಂಕಿಯಂಥ ಅನಿಲ ಹೊರಗೆ ನುಗ್ಗಿತು. ತನಿಖೆಯ ಸಮಯದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡೊಂದನ್ನು ಐಸ್‌ನೀರಿನ ಲೋಟದಲ್ಲಿ ಅದ್ದಿ ಎಲ್ಲರೆದುರು ಇದನ್ನು ತೋರಿಸಿಕೊಟ್ಟರು. ಚಳಿಯಲ್ಲಿ ಹಾರಿಸಬೇಡಿ ಎಂದು ಆ ರಾಕೆಟ್ ತಯಾರಿಸಿದ ಕಂಪೆನಿಯ ಇಂಜಿನಿಯರುಗಳು ಹಿಂದಿನ ರಾತ್ರಿಯೇ ಗೋಗರೆದಿದ್ದರು. ಮೇಲಿನವರು ಕೇಳಲಿಲ್ಲ. ತಿಳಿದವರ ಮಾತನ್ನು ಅವಸರಕ್ಕೆ ಬಲಿಕೊಟ್ಟದ್ದರ ಬೆಲೆ ಏಳು ಜೀವ. ನಮ್ಮ ಕರ್ನಾಲಿನ ಹುಡುಗಿ ಕಲ್ಪನಾ ಚಾವ್ಲಾ ಇದ್ದ ‘ಕೊಲಂಬಿಯಾ’ ನೌಕೆ 2003ರ ಫೆಬ್ರವರಿ 1ರಂದು ಒಡೆದಾಗ ಈ ನೋವು ನಮ್ಮ ಮನೆಗಳಿಗೂ ಬಂದು ಮುಟ್ಟಿತು.

ಪಾಠ ನಿಲ್ಲಲಿಲ್ಲ

ಹಾಗಾದರೆ ಕ್ರಿಸ್ಟಾ ಟೀಚರ್ ಹೇಳಬೇಕೆಂದಿದ್ದ ಪಾಠ ಅಲ್ಲಿಗೇ ನಿಂತಿತೇ? ಇಲ್ಲ.

ಬದಲಿ ಟೀಚರ್ ಬಾರ್ಬರಾ ಮಾರ್ಗನ್ ತಮ್ಮ ಊರಿಗೆ ಹಿಂದಿರುಗಿ ಮತ್ತೆ ಮಕ್ಕಳಿಗೆ ಪಾಠ ಹೇಳಿದರು. 1998ರಲ್ಲಿ ನಾಸಾ ಅವರನ್ನು ಪೂರ್ಣಾವಧಿ ಗಗನಯಾತ್ರಿಯಾಗಿ ಆರಿಸಿತು. 2007ರ ಆಗಸ್ಟಿನಲ್ಲಿ, ಐವತ್ತೈದನೇ ವಯಸ್ಸಿನಲ್ಲಿ, ಅವರು ‘ಎಂಡೆವರ್’ ನೌಕೆಯಲ್ಲಿ ಹೋಗಿಬಂದರು. ಅಲ್ಲಿಂದಲೇ ಸ್ಕೂಲ್ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದರು. ಗೆಳತಿಗಾಗಿ ಇಪ್ಪತ್ತೊಂದು ವರ್ಷ ಕಾದ ಆ ತಾಳ್ಮೆಗೆ ಏನೆನ್ನೋಣ!

2018ರಲ್ಲಿ ಮತ್ತೊಂದು ಸಂಗತಿ ನಡೆಯಿತು. ಹಿಂದೆ ಟೀಚರುಗಳಾಗಿದ್ದ ಜೋ ಅಕಾಬಾ, ರಿಕಿ ಆರ್ನಾಲ್ಡ್ ಎಂಬ ಇಬ್ಬರು ಗಗನಯಾತ್ರಿಗಳು ಕ್ರಿಸ್ಟಾ ಮಾಡಬೇಕೆಂದಿದ್ದ ಪ್ರಯೋಗಗಳಲ್ಲಿ ಕೆಲವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿ ಚಿತ್ರೀಕರಿಸಿದರು. ಒಂದು ಪ್ರಯೋಗ ನಮಗೂ ಪರಿಚಿತವೇ. ಹೊಟ್ಟೆಯುಬ್ಬರಕ್ಕೆ ಈನೋ ಪುಡಿ ನೀರಿಗೆ ಹಾಕಿದರೆ ಗುಳ್ಳೆಗಳು ಬುರುಬುರು ಮೇಲೇಳುತ್ತವೆ ತಾನೇ? ತೂಕವಿಲ್ಲದ ಜಾಗದಲ್ಲಿ ‘ಮೇಲೆ’ ‘ಕೆಳಗೆ’ ಅನ್ನುವುದೇ ಇಲ್ಲ. ಗುಳ್ಳೆಗಳು ಮೇಲೇಳದೆ ನೀರಿನೊಳಗೇ ಉಳಿಯುತ್ತವೆ. ಇನ್ನೊಂದು ಪ್ರಯೋಗವನ್ನು ಭಾನುವಾರ ಮಕ್ಕಳ ಕೈಲಿ ನೀವೇ ಮಾಡಿಸಬಹುದು. ಬ್ಲಾಟಿಂಗ್ ಪೇಪರಿನ ಪಟ್ಟಿಯ ಮೇಲೆ, ತುದಿಯಿಂದ ಒಂದು ಬೆರಳು ಮೇಲಕ್ಕೆ, ನೀರಲ್ಲಿ ಕರಗುವ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡಿ. ಆ ತುದಿಯನ್ನಷ್ಟೇ ನೀರಿಗೆ ತಾಗಿಸಿ. ನೀರು ಏರಿದಂತೆ ಆ ಕಪ್ಪಿನೊಳಗಿನ ಬೇರೆ ಬೇರೆ ಬಣ್ಣಗಳು ಬಿಡಿಬಿಡಿಯಾಗಿ ಹೊರಬರುತ್ತವೆ.

ಮಗಳ ಬಗ್ಗೆ ತಾಯಿ ಗ್ರೇಸ್ 1993ರಲ್ಲಿ ಒಂದು ಪುಸ್ತಕ ಬರೆದರು. 2018ರಲ್ಲಿ ತೀರಿಕೊಂಡ ಆಕೆ ಸ್ಕೂಲುಗಳಿಗೆ ಹೋಗಿ ಮಗಳ ಕಥೆ ಹೇಳಿದ್ದುಂಟು. ಕಾಂಕರ್ಡಿನಲ್ಲಿ ಕ್ರಿಸ್ಟಾ ಹೆಸರಿನ ತಾರಾಲಯ 1990ರಲ್ಲೇ ತೆರೆಯಿತು. 2024ರ ಸೆಪ್ಟೆಂಬರ್ 2ರಂದು, ಆಕೆ ಇದ್ದಿದ್ದರೆ ಎಪ್ಪತ್ತಾರು ತುಂಬುತ್ತಿದ್ದ ದಿನ, ರಾಜ್ಯದ ಶಾಸನಸಭೆಯ ಆವರಣದಲ್ಲಿ ಆಕೆಯ ಕಂಚಿನ ಪ್ರತಿಮೆ ನಿಂತಿತು. ಆ ಆವರಣದಲ್ಲಿ ಹೆಂಗಸಿನ ಪ್ರತಿಮೆ ನಿಂತದ್ದು ಅದೇ ಮೊದಲು. ಚರಿತ್ರೆಯಲ್ಲಿ ಹೆಂಗಸರಿಗೆ ಜಾಗವಿಲ್ಲ ಅಂತ ಕೊರಗಿದ ಟೀಚರಿಗೆ ಇದಕ್ಕಿಂತ ತಕ್ಕ ಉತ್ತರ ಬೇಕೇ?

ಆದರೆ ಕಂಚಿಗಿಂತ ಹೆಚ್ಚು ಬಾಳುವ ಒಂದು ನೆನಪಿದೆ. ಆಕೆಯ ಶಿಷ್ಯರಲ್ಲಿ ಹಲವರು ಮುಂದೆ ತಾವೂ ಟೀಚರುಗಳಾದರು. ಪಾಠ ಹೇಳುವವಳು ನಾಳೆಯನ್ನೇ ಮುಟ್ಟುತ್ತಾಳೆ ಅನ್ನುವುದು ಆಕೆಯ ನಂಬಿಕೆಯಾಗಿತ್ತು. ರಾಕೆಟ್ಟು ಮುಟ್ಟಲಾಗದ ಎತ್ತರವನ್ನು ಆ ನಂಬಿಕೆ ಮುಟ್ಟಿತು.

ನಿಮ್ಮ ಹೈಸ್ಕೂಲಿನ ಆ ಒಬ್ಬ ಟೀಚರ್ ಈಗ ಎಲ್ಲಿದ್ದಾರೆ? ಊರಿನ ಕಡೆಯವರನ್ನು ವಿಚಾರಿಸಿ, ವಿಳಾಸ ಸಿಕ್ಕೀತು. ‘ಟೀಚರ್, ನೀವು ಅಂದು ಹೀಗಂದಿದ್ದಿರಿ, ಅದರಿಂದ ನನಗೆ ಹೀಗಾಯಿತು’ ಅಂತ ನಾಲ್ಕು ಸಾಲು ಕಾಗದ ಬರೆಯಿರಿ. ಸೆಪ್ಟೆಂಬರ್ 5ರ ಶಿಕ್ಷಕರ ದಿನದವರೆಗೆ ಕಾಯಬೇಡಿ. ಸಾಮಾನ್ಯರು ಬರೆದ ಕಾಗದವೇ ಚರಿತ್ರೆ ಅಂತ ಕ್ರಿಸ್ಟಾ ಟೀಚರ್ ಹೇಳಿಕೊಟ್ಟಿದ್ದಾರಲ್ಲ!